ಸಿಕಲ್ ಸೆಲ್: ಕಾರ್ಡ್ ಕೊಟ್ಟಾಯಿತು, ಮಗುವಿನ ಮೊದಲ ಐದು ವರ್ಷಕ್ಕೆ ಯಾರು ಹೊಣೆ?

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಗಿರಿಜನ ಪ್ರದೇಶಗಳಲ್ಲಿ ಸಿಕಲ್ ಸೆಲ್ ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳಿಗೆ ಹುಟ್ಟಿದ ದಿನದಿಂದಲೇ ಆರೈಕೆ ಖಾತ್ರಿಪಡಿಸುವ ಬಗ್ಗೆ.

ಮಾನ್ಯರೇ,

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನ ಅಭಿಯಾನದಲ್ಲಿ ನಮ್ಮ ರಾಜ್ಯವೂ ಇದೆ. ನಲವತ್ತು ವರ್ಷದೊಳಗಿನ 7 ಕೋಟಿ ಜನರ ರಕ್ತ ತಪಾಸಣೆ ಮಾಡುವುದು, 2047ರ ಹೊತ್ತಿಗೆ ಈ ಕಾಯಿಲೆ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ನೋಡಿಕೊಳ್ಳುವುದು ಅದರ ಗುರಿ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಬೇಗ ಒಡೆದುಹೋಗುವ, ತಂದೆ ತಾಯಿಯಿಂದ ಬರುವ ಕಾಯಿಲೆ ಇದು. ಶಿಬಿರಗಳು ನಡೆದಿವೆ, ತಪಾಸಣೆಯ ಫಲಿತಾಂಶ ತಿಳಿಸುವ ಕಾರ್ಡ್‌ಗಳು ಹಂಚಿಕೆಯಾಗಿವೆ. ದಶಕಗಟ್ಟಲೆ ಯಾರೂ ತಿರುಗಿ ನೋಡದ ಕಾಯಿಲೆಯೊಂದು ಸರ್ಕಾರದ ಕಡತಕ್ಕೆ ಬಂದದ್ದೇ ದೊಡ್ಡದು ಎಂದು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇವೆ.

ನಮ್ಮ ತಕರಾರು ಒಂದೇ. ಅಭಿಯಾನದ ಸುದ್ದಿ ಬಂದಾಗಲೆಲ್ಲ ಕೇಳಿಬರುವುದು ಎಷ್ಟು ಜನರ ತಪಾಸಣೆಯಾಯಿತು ಎಂಬ ಲೆಕ್ಕ. ಕಾಯಿಲೆ ಇರುವ ಮಕ್ಕಳಲ್ಲಿ ಎಷ್ಟು ಮಂದಿ ಐದನೇ ಹುಟ್ಟುಹಬ್ಬ ಕಂಡರು ಎಂಬ ಲೆಕ್ಕ ಮಾತ್ರ ಕೇಳಿಸುವುದೇ ಇಲ್ಲ. ಸಿಕಲ್ ಸೆಲ್ ಕಾಯಿಲೆಯಲ್ಲಿ ಸಾವು ಮೊದಲು ಹುಡುಕುವುದು ಎಳೆಯ ಮಕ್ಕಳನ್ನು. ಅವರನ್ನು ಉಳಿಸುವ ದಾರಿ ಹೊಸದಾಗಿ ಕಂಡುಹಿಡಿಯಬೇಕಾದದ್ದೂ ಅಲ್ಲ, ಅದಕ್ಕೆ ಕೋಟಿಗಟ್ಟಲೆಯ ಯಂತ್ರಗಳೂ ಬೇಡ. ನಲವತ್ತು ವರ್ಷಗಳ ಹಿಂದೆಯೇ ಜಮೈಕಾದಲ್ಲಿ ಅದು ಸಾಬೀತಾಗಿದೆ.

ತಮ್ಮ ಅಧಿಕಾರಿಗಳಿಗೆ ಆ ಕೆಲಸದ ಹೆಸರು ಗೊತ್ತಿರಬಹುದು. ವಿವರ ಮಾತ್ರ ಕೆಳಗಿನವರೆಗೆ ಇಳಿದಂತೆ ಕಾಣುವುದಿಲ್ಲ. ಆದ್ದರಿಂದ ಇಲ್ಲಿ ತುಸು ವಿಸ್ತಾರವಾಗಿಯೇ ಹೇಳುತ್ತೇವೆ. ಬ್ರಿಟಿಷ್ ವೈದ್ಯ ಸಂಶೋಧಕ ಗ್ರಹಾಂ ಸರ್ಜೆಂಟ್ ಮತ್ತು ಸಂಗಡಿಗರು 1973ರ ಜೂನ್‌ನಿಂದ 1981ರ ಡಿಸೆಂಬರ್‌ವರೆಗೆ ಕಿಂಗ್‌ಸ್ಟನ್‌ನ ವಿಕ್ಟೋರಿಯಾ ಜೂಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಒಂದು ಲಕ್ಷ ಮಕ್ಕಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರು. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಮಕ್ಕಳಿಗೆ ತಂದೆ ತಾಯಿ ಇಬ್ಬರಿಂದಲೂ ಸಿಕಲ್ ಜೀನ್ ಬಂದಿತ್ತು. ಆ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದರು. ಪಕ್ಕದಲ್ಲಿ ಹೋಲಿಕೆಗೆಂದು, ಕಾಯಿಲೆ ಇಲ್ಲದ ಮಕ್ಕಳನ್ನೂ ಅದೇ ಕ್ರಮದಲ್ಲಿ ನೋಡುತ್ತ ಬಂದರು. ಅದಕ್ಕೆ ಮುಂಚೆ ಈ ಕಾಯಿಲೆಯ ಬಗ್ಗೆ ಪುಸ್ತಕಗಳಲ್ಲಿ ಇದ್ದದ್ದೆಲ್ಲ ಆಸ್ಪತ್ರೆಯವರೆಗೆ ಬಂದ ರೋಗಿಗಳನ್ನು ನೋಡಿ ಬರೆದದ್ದು. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ ಮಗು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹುಟ್ಟಿನಿಂದ ಹಿಂಬಾಲಿಸಿದಾಗ ಕಂಡದ್ದು ಎರಡು ಕೊಲೆಗಡುಕ ಕಾರಣಗಳು. ಒಂದು, ನ್ಯುಮೋಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕೆಲವೇ ಗಂಟೆಗಳಲ್ಲಿ ಮಗುವನ್ನು ಒಯ್ಯುವುದು. ಇನ್ನೊಂದು, ಹೊಟ್ಟೆಯ ಎಡಬದಿಯಲ್ಲಿರುವ ಗುಲ್ಮ (ಸ್ಪ್ಲೀನ್) ಇದ್ದಕ್ಕಿದ್ದಂತೆ ಊದಿಕೊಂಡು ಮೈಯ ರಕ್ತವನ್ನೆಲ್ಲ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು. ಐದು ವರ್ಷ ತುಂಬುವುದರೊಳಗೆ ಹತ್ತರಲ್ಲಿ ಸುಮಾರು ಮೂರು ಮಕ್ಕಳಿಗೆ ಈ ಎರಡನೆಯದು ಬಂದಿತ್ತು. ಆಗ ಅವರು ಮಾಡಿದ ಕೆಲಸ ಅತಿ ಸರಳ: ಹೊಟ್ಟೆ ಮುಟ್ಟಿ ಗುಲ್ಮದ ಗಾತ್ರ ನೋಡುವುದನ್ನು ತಾಯಂದಿರಿಗೆ ಕಲಿಸಿದರು. 1985ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಇಂಥ ನೂರು ಪ್ರಸಂಗಗಳಲ್ಲಿ ಸುಮಾರು 29 ಇದ್ದ ಸಾವು 3ಕ್ಕೆ ಇಳಿಯಿತು. ಇನ್ನೊಂದು ಅಂಕಿ ನಮಗೆ ಅದಕ್ಕಿಂತ ಮುಖ್ಯವೆನಿಸುತ್ತದೆ. ತಾಯಂದಿರಿಗೆ ಕಲಿಸಿದ ಮೇಲೆ ದಾಖಲಾದ ಪ್ರಸಂಗಗಳ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಾಯಿತು. ಕಾಯಿಲೆ ಹೆಚ್ಚಾಗಿರಲಿಲ್ಲ, ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದದ್ದು ಬೀಳತೊಡಗಿತು. ಅಂಕಿ ಏರಿದ್ದಕ್ಕೆ ಕಾರಣ ಕೇಳಿ ನೋಟಿಸ್ ಕೊಡುವ ಇಲಾಖೆಗಳು ಈ ಸಾಲನ್ನು ಎರಡು ಸಲ ಓದಬೇಕು.

ಜಮೈಕಾದ್ದು ನಮಗೆ ಏಕೆ ಎಂಬ ಪ್ರಶ್ನೆ ಬರುವುದು ಸಹಜ. ಸಿಕಲ್ ಜೀನ್ ನಮ್ಮ ಕಾಡುಗಳಿಗೆ ಹೊಸತಲ್ಲ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದೇ ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ, ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು. ಬಂಡೀಪುರದ ಈಚೆಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಎಚ್.ಡಿ. ಕೋಟೆ, ಹುಣಸೂರು ಮತ್ತು ಕೊಡಗಿನ ಜೇನು ಕುರುಬ, ಬೆಟ್ಟ ಕುರುಬ, ಯರವರ ಹಾಡಿಗಳಲ್ಲಿ ಅದು ಇದೆ. 1981ರಲ್ಲಿ ಬೆಟ್ಟದಲ್ಲಿ ಕೆಲಸ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂಥ ಸಂಸ್ಥೆಗಳಿಗೆ ಇದು ಹಳೆಯ ಸಂಗತಿ.

ಸರ್ಜೆಂಟ್ ಭಾರತಕ್ಕೂ ಬಂದಿದ್ದರು. ಪಶ್ಚಿಮ ಒಡಿಶಾದ ವೈದ್ಯರ ಜೊತೆ ಸೇರಿ ಅಲ್ಲಿನ ರೋಗಿಗಳನ್ನು ಜಮೈಕಾದವರೊಂದಿಗೆ ಹೋಲಿಸಿದ ವರದಿ 1986ರಲ್ಲಿ ಪ್ರಕಟವಾಯಿತು. ನಮ್ಮವರಲ್ಲಿ ಭ್ರೂಣದ ಹಿಮೋಗ್ಲೋಬಿನ್ (ಗರ್ಭದಲ್ಲಿದ್ದಾಗ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಅಂಶ) ದೊಡ್ಡವರಾದ ಮೇಲೂ ಹೆಚ್ಚು ಉಳಿದಿರುತ್ತದೆ, ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಆಲ್ಫಾ ಥಲಸ್ಸೀಮಿಯಾ ಎಂಬ ಆನುವಂಶಿಕ ದೋಷ ಜೊತೆಗಿರುವುದೂ ಹೆಚ್ಚು. ಎರಡೂ ಕಾಯಿಲೆಯ ಹರಿತವನ್ನು ತುಸು ಮೊಂಡು ಮಾಡುತ್ತವೆ. ಇದನ್ನೇ ಹಿಡಿದು, ಭಾರತದ ಸಿಕಲ್ ಸೆಲ್ ಸೌಮ್ಯವಾದದ್ದು, ಗಾಬರಿ ಬೇಡ ಎಂದು ಹೇಳುವವರಿದ್ದಾರೆ. ಆದರೆ ಅದೇ ಹೋಲಿಕೆಯಲ್ಲಿ ಮತ್ತೊಂದು ಸಂಗತಿಯೂ ಇದೆ: ಜಮೈಕಾದ ಮಕ್ಕಳಲ್ಲಿ ಕೆಲವೇ ವರ್ಷಗಳಲ್ಲಿ ಒಣಗಿ ಕುಗ್ಗಿಹೋಗುವ ಗುಲ್ಮ ನಮ್ಮವರಲ್ಲಿ ದೊಡ್ಡದಾಗಿಯೇ ಬಹುಕಾಲ ಉಳಿಯುತ್ತದೆ. ಅಂದರೆ ಗುಲ್ಮದಲ್ಲಿ ರಕ್ತ ತುಂಬಿಕೊಳ್ಳುವ ಅಪಾಯ ಇಲ್ಲಿ ಐದು ವರ್ಷಕ್ಕೆ ಮುಗಿಯುವುದಿಲ್ಲ, ಶಾಲೆಗೆ ಹೋಗುವ ಹುಡುಗನಿಗೂ ಬರಬಹುದು. ಸರಾಸರಿಯಲ್ಲಿ ಸೌಮ್ಯ ಎಂಬ ಮಾತು ಹಾಡಿಯ ಒಂದು ನಿರ್ದಿಷ್ಟ ಮಗುವಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಈಗ ಪರೀಕ್ಷೆಯ ಮಾತು. ಶಿಬಿರಗಳಲ್ಲಿ ಮೊದಲ ಹಂತಕ್ಕೆ ಬಳಸುವ ಅಗ್ಗದ ವಿಧಾನ ಕರಗುವಿಕೆ ಪರೀಕ್ಷೆ. ಎರಡು ಮಿಲಿಲೀಟರ್ ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಹಾಕಿ, ಕಲಕಿ, ಐದು ನಿಮಿಷ ಬಿಟ್ಟು, ಕೊಳವೆಯ ಹಿಂದೆ ಕಪ್ಪು ಗೆರೆಗಳಿರುವ ಬಿಳಿ ಕಾಗದ ಹಿಡಿಯುತ್ತಾರೆ. ದ್ರಾವಣದ ಸಪೋನಿನ್ ರಕ್ತಕಣಗಳನ್ನು ಒಡೆಯುತ್ತದೆ, ಸೋಡಿಯಂ ಡೈಥಯೋನೈಟ್ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಆಮ್ಲಜನಕ ಕಳೆದುಕೊಂಡ ಸಿಕಲ್ ಹಿಮೋಗ್ಲೋಬಿನ್ ಗಾಢ ಫಾಸ್ಫೇಟ್ ದ್ರಾವಣದಲ್ಲಿ ಕರಗದೆ ಮಬ್ಬಾಗುತ್ತದೆ, ಗೆರೆ ಕಾಣುವುದಿಲ್ಲ. ಒಳ್ಳೆಯ ಪರೀಕ್ಷೆಯೇ, ಆದರೆ ಅದರ ಮಿತಿಗಳನ್ನು ಬಲ್ಲವರ ಕೈಯಲ್ಲಿ ಮಾತ್ರ. ಡೈಥಯೋನೈಟ್ ಪುಡಿಗೆ ಗಾಳಿ, ತೇವ ತಾಕಿದರೆ ಅದು ಸತ್ತುಹೋಗುತ್ತದೆ. ಬೆಳಿಗ್ಗೆ ಮುಚ್ಚಳ ತೆರೆದ ಬಾಟಲಿಯನ್ನು ಜೀಪಿನಲ್ಲಿಟ್ಟುಕೊಂಡು ಮೂರು ಹಾಡಿ ತಿರುಗಿದರೆ ಸಂಜೆಯ ಹೊತ್ತಿಗೆ ಎಲ್ಲರ ಫಲಿತಾಂಶವೂ ಋಣಾತ್ಮಕವಾಗಿ ಬರತೊಡಗಬಹುದು, ಯಾರಿಗೂ ಅನುಮಾನ ಬರುವುದಿಲ್ಲ. ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ಕೋಣೆಯ ಉಷ್ಣತೆಗೆ ಬರುವ ಮುನ್ನವೇ ಬಳಸಿದರೂ ನಂಬುವಂತಿಲ್ಲ. ಇದಕ್ಕೆ ಮದ್ದು, ಪ್ರತಿದಿನ, ಪ್ರತಿ ಹೊಸ ಬಾಟಲಿಗೆ, ವಾಹಕ, ಅಂದರೆ ಒಂದೇ ಸಿಕಲ್ ಜೀನ್ ಹೊತ್ತವರು, ಎಂದು ಖಚಿತವಾಗಿ ಗೊತ್ತಿರುವ ಒಬ್ಬರ ರಕ್ತವನ್ನೂ ಸಾಮಾನ್ಯ ರಕ್ತವನ್ನೂ ಮೊದಲು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವುದು. ಶಿಬಿರಗಳ ಪುಸ್ತಕಗಳಲ್ಲಿ ಹೆಸರು, ವಯಸ್ಸು, ಆಧಾರ್ ಸಂಖ್ಯೆ ಇರುತ್ತವೆ. ಈ ಎರಡು ಕಂಟ್ರೋಲ್‌ಗಳ ಸಾಲು ಕಾಣಸಿಗುವುದು ಅಪರೂಪ.

ದ್ರಾವಣ ಸರಿಯಿದ್ದರೂ ಈ ಪರೀಕ್ಷೆ ಮೂರು ಬಗೆಯವರಲ್ಲಿ ಎಡವುತ್ತದೆ. ಆರು ತಿಂಗಳೊಳಗಿನ ಕೂಸಿನ ರಕ್ತದಲ್ಲಿ ಭ್ರೂಣದ ಹಿಮೋಗ್ಲೋಬಿನ್ನೇ ಜಾಸ್ತಿ ಇರುವುದರಿಂದ ಮಬ್ಬು ಕಾಣುವುದಿಲ್ಲ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿದ್ದವರಲ್ಲಿ 20 ಮೈಕ್ರೋಲೀಟರ್ ರಕ್ತ ಸಾಲದು, ಅದನ್ನು ದುಪ್ಪಟ್ಟು ಮಾಡಬೇಕು. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ದಾನಿಯ ರಕ್ತ ಇವರ ಗುಟ್ಟನ್ನು ಮುಚ್ಚಿಡುತ್ತದೆ. ಎಳೆಗೂಸು, ತೀರಾ ರಕ್ತ ಇಳಿದವರು, ಈಗಷ್ಟೇ ಆಸ್ಪತ್ರೆಯಿಂದ ಬಂದವರು. ಯಾರಿಗಾಗಿ ಅಭಿಯಾನವೋ ಅವರೇ ಜಾಲರಿಯ ಸಂದಿಯಲ್ಲಿ ಜಾರಿಹೋಗುತ್ತಾರೆ. ಮಬ್ಬಾದರೂ ಅದು ಹೇಳುವುದು ಸಿಕಲ್ ಹಿಮೋಗ್ಲೋಬಿನ್ ಇದೆ ಎಂದಷ್ಟೆ. ಒಂದೇ ಜೀನ್ ಹೊತ್ತ ಆರೋಗ್ಯವಂತ ವಾಹಕರೋ ಎರಡೂ ಜೀನ್ ಇರುವ ರೋಗಿಯೋ ಎಂದು ಅದು ಹೇಳಲಾರದು.

ಬೆರಳ ತುದಿಯ ಹನಿ ರಕ್ತದಿಂದ ಹತ್ತು ನಿಮಿಷಗಳಲ್ಲಿ ಫಲಿತಾಂಶ ಕೊಡುವ ಪರೀಕ್ಷಾ ಪಟ್ಟಿಗಳು (ಸ್ಟ್ರಿಪ್) ಈ ತೊಡಕಿನ ಬಹುಪಾಲನ್ನು ನೀಗಿಸಿವೆ, ನವಜಾತ ಶಿಶುವಿನಲ್ಲೂ ಕೆಲಸ ಮಾಡುತ್ತವೆ. ಆದರೆ ಅವುಗಳಲ್ಲಿ ಎರಡು ಬಗೆಯಿವೆ. ಒಂದರಲ್ಲಿ ಗೆರೆ ಮೂಡಿದರೆ ಆ ಹಿಮೋಗ್ಲೋಬಿನ್ ಇದೆ ಎಂದು ಅರ್ಥ. ಇನ್ನೊಂದರಲ್ಲಿ ಗೆರೆ ಮೂಡದಿದ್ದರೆ ಇದೆ ಎಂದು ಅರ್ಥ. ಒಂದು ವರ್ಷ ಒಂದು ಬಗೆ, ಟೆಂಡರ್ ಬದಲಾದ ಮೇಲೆ ಮತ್ತೊಂದು ಬಗೆ ಪೂರೈಸಿ, ನಡುವೆ ಅರ್ಧ ದಿನದ ತರಬೇತಿಯನ್ನೂ ಕೊಡದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಸಂಗತಿ: ಒಬ್ಬ ಪೋಷಕರಿಂದ ಸಿಕಲ್, ಮತ್ತೊಬ್ಬರಿಂದ ಬೀಟಾ ಥಲಸ್ಸೀಮಿಯಾ ಪಡೆದ ಮಗುವಿನಲ್ಲಿ ಸಾಮಾನ್ಯ ಹಿಮೋಗ್ಲೋಬಿನ್ ಅಲ್ಪಸ್ವಲ್ಪ ಉಳಿದಿದ್ದರೆ ಪಟ್ಟಿ ಅದನ್ನು ವಾಹಕ ಎಂದೇ ತೋರಿಸುತ್ತದೆ. ಮಗು ನಿಜಕ್ಕೂ ರೋಗಿ. ಪ್ರತಿ ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅಳೆಯುವ ಎಚ್‌ಪಿಎಲ್‌ಸಿಯಂಥ ಯಂತ್ರದಲ್ಲಿ ಮಾತ್ರ ಇದು ಬಯಲಾಗುತ್ತದೆ. ವಾಹಕರಲ್ಲಿ ಸಿಕಲ್ ಅಂಶ ಯಾವಾಗಲೂ ಸಾಮಾನ್ಯ ಅಂಶಕ್ಕಿಂತ ಕಡಿಮೆ, ಸುಮಾರು ಶೇ 35ರಿಂದ 40. ಈ ಮಗುವಿನಲ್ಲಿ ಅದು ತಿರುಗಿ, ಸಿಕಲ್ಲೇ ಹೆಚ್ಚಿರುತ್ತದೆ, ಎ2 ಎಂಬ ಇನ್ನೊಂದು ಬಗೆಯ ಹಿಮೋಗ್ಲೋಬಿನ್ನಿನ ಅಂಶವೂ ಏರಿರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ವಾಹಕ ಎಂದು ಬಂದು, ಮೈಕೈ ನೋವು, ಕಾಮಾಲೆ, ಪದೇ ಪದೇ ರಕ್ತ ಇಳಿಯುವ ತೊಂದರೆ ಇರುವ ಯಾರನ್ನೂ ಯಂತ್ರದ ಪರೀಕ್ಷೆಯಿಲ್ಲದೆ ಬಿಡಬಾರದು.

ಇಷ್ಟೆಲ್ಲ ಹೇಳಿದ್ದು ಹುಟ್ಟಿದ ಮಗುವಿನ ಪರೀಕ್ಷೆಗೆ ಬರಲಿಕ್ಕೆ. ಇದು ಅಭಿಯಾನದ ಯೋಜನೆಯಲ್ಲಿ ಇದೆ. ಕಾಗದದಿಂದ ಹೆರಿಗೆ ಕೋಣೆಗೆ ಇಳಿಯಬೇಕಾದ ವ್ಯವಸ್ಥೆ ಏನೆಂದು ನೋಡಿ. ಹುಟ್ಟಿ 24ರಿಂದ 72 ಗಂಟೆಯೊಳಗೆ ಹಿಮ್ಮಡಿಯ ಪಕ್ಕದ ಭಾಗಕ್ಕೆ ಚುಚ್ಚಿ, ವಿಶೇಷ ಶೋಧಕ ಕಾಗದದ ವೃತ್ತಗಳು ಹಿಂಬದಿಯವರೆಗೆ ನೆನೆಯುವಂತೆ ರಕ್ತ ತುಂಬಬೇಕು. ಒಂದೇ ವೃತ್ತಕ್ಕೆ ಹನಿಯ ಮೇಲೆ ಹನಿ ಹಾಕಿದರೆ ಹಾಳು. ಕಾಗದವನ್ನು ಬಿಸಿಲಿಗಿಡದೆ, ಸಮತಟ್ಟಾಗಿ ಮೂರು ನಾಲ್ಕು ಗಂಟೆ ಒಣಗಿಸಿ, ತೇವ ಹೀರುವ ಪೊಟ್ಟಣದ ಜೊತೆ ಚೀಲದಲ್ಲಿಟ್ಟು ಅಂಚೆಯಲ್ಲಿ ಕಳಿಸಬಹುದು. ಕೊಡಗಿನ ಮಳೆಗಾಲದಲ್ಲಿ ಮೂರು ಗಂಟೆಯಲ್ಲಿ ಏನೂ ಒಣಗುವುದಿಲ್ಲ, ಅಲ್ಲಿನ ದಾದಿಯರಿಗೆ ಒಂದು ಮರದ ಸ್ಟ್ಯಾಂಡ್ ಮತ್ತು ಫ್ಯಾನ್ ಇರುವ ಮೂಲೆ ಗೊತ್ತುಮಾಡಿಕೊಡಬೇಕು. ಇಂಥವೇ ಯೋಜನೆಗಳನ್ನು ಉರುಳಿಸುವ ಸಂಗತಿಗಳು, ಅನುದಾನವಲ್ಲ. ಮಗುವಿಗೆ ರಕ್ತ ಹಾಕುವ ಪ್ರಸಂಗ ಬಂದರೆ ಮೊದಲು ಹನಿ ತೆಗೆದು ಆಮೇಲೆ ರಕ್ತ. ಭ್ರೂಣದ ಮತ್ತು ಸಿಕಲ್ ಹಿಮೋಗ್ಲೋಬಿನ್ ಮಾತ್ರ ಕಂಡರೆ ಆ ಮಗುವನ್ನು ರೋಗಿ ಎಂದೇ ಹಿಡಿದು ಆರೈಕೆ ಶುರುಮಾಡಿ, ವರ್ಷ ತುಂಬಿದ ಮೇಲೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾಗಲಿ, ಆಮೇಲೆ ಔಷಧ ನೋಡೋಣ ಎಂದು ಕೂತರೆ ಅಪಾಯದ ತಿಂಗಳುಗಳು ಅಷ್ಟರಲ್ಲಿ ಬಂದಿರುತ್ತವೆ.

ಆ ಔಷಧ ಪೆನಿಸಿಲಿನ್. ಅಮೆರಿಕದಲ್ಲಿ 215 ಮಕ್ಕಳ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆರಡು ಬಾರಿ 125 ಮಿಲಿಗ್ರಾಂ ಪೆನಿಸಿಲಿನ್ ವಿ ಕೊಟ್ಟವರಲ್ಲಿ ಸೋಂಕು ಶೇ 84ರಷ್ಟು ಕಡಿಮೆಯಾಯಿತು. ಪ್ರಯೋಗವನ್ನು ನಿಗದಿತ ಸಮಯಕ್ಕಿಂತ ಎಂಟು ತಿಂಗಳು ಮೊದಲೇ ನಿಲ್ಲಿಸಿದರು, ಏಕೆಂದರೆ ಉಳಿದ ಮಕ್ಕಳಿಗೆ ಕೊಡದಿರುವುದು ಅನ್ಯಾಯ ಎನಿಸಿತು. ಎರಡು ಮೂರು ತಿಂಗಳ ವಯಸ್ಸಿನೊಳಗೆ ಶುರುಮಾಡಿ, ಮೂರು ವರ್ಷದವರೆಗೆ 125, ಅಲ್ಲಿಂದ ಐದು ವರ್ಷ ತುಂಬುವವರೆಗೆ 250 ಮಿಲಿಗ್ರಾಂ, ದಿನಕ್ಕೆರಡು ಸಲ. ಸಿರಪ್ ಕಲಸಿದ ಮೇಲೆ ಫ್ರಿಜ್ ಬೇಕು, ಹಾಡಿಯಲ್ಲಿ ಅದು ಆಗದ ಮಾತು. ಮಾತ್ರೆಯನ್ನು ಪುಡಿಮಾಡಿ ಚಮಚ ನೀರಿನಲ್ಲಿ ಕೊಡುವುದನ್ನು ಕಲಿಸಬೇಕು. ದಿನಕ್ಕೆರಡು ಸಲ ಐದು ವರ್ಷ ಕೊಡುವುದು ಕಾಫಿ ತೋಟದ ಕೂಲಿಗೆಂದು ತಿಂಗಳುಗಟ್ಟಲೆ ಊರು ಬಿಡುವ ಕುಟುಂಬಕ್ಕೆ ಎಷ್ಟು ಕಷ್ಟವೆಂದು ಬಲ್ಲೆವು. ಜಮೈಕಾದವರು ಅದಕ್ಕೂ ದಾರಿ ಕಂಡಿದ್ದರು: ತಿಂಗಳಿಗೊಂದು ದೀರ್ಘಕಾಲ ನಿಲ್ಲುವ ಪೆನಿಸಿಲಿನ್ ಚುಚ್ಚುಮದ್ದು. ಅದನ್ನು ಪಡೆಯುತ್ತಿದ್ದಷ್ಟು ಕಾಲ ಮಕ್ಕಳಲ್ಲಿ ನ್ಯುಮೋಕಾಕಸ್ ಕಾಣಿಸಲಿಲ್ಲ, ನಿಲ್ಲಿಸಿದ ಮೇಲೆ ಕಾಣಿಸಿಕೊಂಡಿತು. ತಿಂಗಳ ಲಸಿಕಾ ದಿನ ನಮ್ಮ ಉಪಕೇಂದ್ರಗಳಲ್ಲಿ ಹೇಗೂ ನಡೆಯುತ್ತದೆ. ನ್ಯುಮೋಕಾಕಸ್ ಲಸಿಕೆಯೂ ಈಗ ಸಾರ್ವತ್ರಿಕ ಪಟ್ಟಿಯಲ್ಲಿದೆ, ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಆದರೆ ಲಸಿಕೆ ಹಾಕಿದ್ದೇವೆ ಎಂದು ಪೆನಿಸಿಲಿನ್ ಬಿಡುವಂತಿಲ್ಲ, ಲಸಿಕೆ ತಡೆಯುವುದು ಆ ಬ್ಯಾಕ್ಟೀರಿಯಾದ ಕೆಲವು ತಳಿಗಳನ್ನು ಮಾತ್ರ. ಇಂಥ ಮಗುವಿಗೆ 101 ಡಿಗ್ರಿ ದಾಟಿದ ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಜಿಲ್ಲಾಸ್ಪತ್ರೆಗೆ ಬರೆದುಕೊಡುವ ಮುನ್ನ ಬ್ಯಾಕ್ಟೀರಿಯಾ ಕೊಲ್ಲುವ ಸೆಫ್ಟ್ರಿಯಾಕ್ಸೋನ್‌ನ ಮೊದಲ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬೀಳಬೇಕು. 108 ಬರುವ ತನಕ ಕಾಯುವ ಎರಡು ಗಂಟೆಯಲ್ಲಿ ಎಲ್ಲ ಮುಗಿದುಹೋಗಬಲ್ಲದು.

ಗುಲ್ಮದ ವಿಷಯಕ್ಕೆ ಬರೋಣ. ಕಲಿಸಬೇಕಾದದ್ದು ಇಷ್ಟು. ಮಗುವನ್ನು ಮಲಗಿಸಿ, ಅದು ಅಳದೆ ಹೊಟ್ಟೆ ಸಡಿಲ ಬಿಟ್ಟಿರುವಾಗ, ಎಡಗಡೆಯ ಕೆಳಗಿನ ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳ ತುದಿಗಳಿಂದ ಮೆಲ್ಲಗೆ ಮುಟ್ಟುವುದು. ಒತ್ತಬಾರದು, ಉಗುರು ತಾಕಿಸಬಾರದು. ಶುರುಮಾಡುವುದು ಹೊಕ್ಕುಳ ಮಟ್ಟದಿಂದ, ಮೇಲಕ್ಕೆ ಸರಿಯುತ್ತ. ಪಕ್ಕೆಲುಬಿನ ಹತ್ತಿರವೇ ಶುರುಮಾಡಿದರೆ ತೀರಾ ದೊಡ್ಡದಾದ ಗುಲ್ಮದ ಮೇಲೆಯೇ ಬೆರಳಿರುತ್ತದೆ, ಅಂಚು ಸಿಗುವುದೇ ಇಲ್ಲ. ಹೊಸ ವೈದ್ಯರೂ ಮಾಡುವ ತಪ್ಪಿದು. ಅಂಚು ಸಿಕ್ಕಲ್ಲಿಗೆ ಒಂದು ಐಸ್‌ಕ್ರೀಮ್ ಕಡ್ಡಿ ಹಿಡಿದು, ಪಕ್ಕೆಲುಬಿನಿಂದ ಅಲ್ಲಿಯವರೆಗೆ ಎಷ್ಟು ಎಂದು ಗುರುತು ಹಾಕಿಕೊಡಬೇಕು. ಅಕ್ಷರ, ಅಂಕಿ ಬೇಕಿಲ್ಲ. ವಾರಕ್ಕೆರಡು ಸಲ, ಜ್ವರ ಬಂದಾಗ ಪ್ರತಿದಿನ, ತಾಯಿ ಆ ಕಡ್ಡಿ ಹಿಡಿದು ನೋಡಬೇಕು. ಗುರುತು ದಾಟಿದೆ, ಮಗು ಬಿಳಚಿದೆ, ಮಂಕಾಗಿದೆ ಎಂದರೆ ಅದೇ ಗಳಿಗೆ ಆಸ್ಪತ್ರೆಗೆ. ಹಳಬರು ಜ್ವರಗೆಡ್ಡೆ ಎನ್ನುತ್ತಿದ್ದ ಊತ ಮಲೇರಿಯಾ ಕಾಲದಿಂದ ಈ ಕಾಡಿನ ಜನಕ್ಕೆ ಪರಿಚಿತವೇ. ಕಲಿಸಲು ಹೊರಟವರಿಗೆ ಅರ್ಧ ಕೆಲಸ ಆಗಲೇ ಆಗಿರುತ್ತದೆ.

ಆಸ್ಪತ್ರೆಯಲ್ಲಿ ಏನಾಗುತ್ತದೆ? ಹಿಮೋಗ್ಲೋಬಿನ್ 5.5 ಎಂದು ಬರುತ್ತದೆ. ಸಿಕಲ್ ಸೆಲ್ ರೋಗಿಗೆ ರಕ್ತ ಕಡಿಮೆ ಇರುವುದು ಮಾಮೂಲು ಎಂದು ಕಬ್ಬಿಣದ ಸಿರಪ್ ಬರೆದು ಕಳಿಸಿದರೆ ಮಗು ರಾತ್ರಿ ದಾಟುವುದಿಲ್ಲ. ಗುಲ್ಮದ ಈ ತುರ್ತನ್ನು ಗುರುತಿಸುವುದೇ ಆ ಮಗುವಿನ ಮಾಮೂಲಿ ಮಟ್ಟಕ್ಕಿಂತ ಹಿಮೋಗ್ಲೋಬಿನ್ 2 ಗ್ರಾಂ ಅಥವಾ ಹೆಚ್ಚು ಕುಸಿದಿದೆಯೇ ಎಂಬುದರಿಂದ. ಆ ಮಾಮೂಲಿ ಮಟ್ಟ ಎಷ್ಟು ಎಂದು ವೈದ್ಯರಿಗೆ ಹೇಳುವವರು ಯಾರು? ಕಾರ್ಡಿನಲ್ಲಿ ಹೆಸರಿದೆ, ಬಣ್ಣವಿದೆ. ಬೇಕಾದ ಸಂಖ್ಯೆಗೆ ಜಾಗವಿಲ್ಲ. ಆರೋಗ್ಯವಾಗಿದ್ದಾಗಿನ ಹಿಮೋಗ್ಲೋಬಿನ್, ಗುಲ್ಮದ ಸೆಂಟಿಮೀಟರ್, ರಕ್ತದ ಗುಂಪು, ಕೊನೆಯ ಬಾರಿ ರಕ್ತ ಹಾಕಿದ ದಿನ ಎಂಬ ನಾಲ್ಕು ಸಾಲುಗಳನ್ನು ರೋಗಿಗಳ ಕಾರ್ಡಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿ, ಪ್ರತಿ ಭೇಟಿಯಲ್ಲಿ ತುಂಬುವಂತೆ ಆದೇಶಿಸಿ. ಇದಕ್ಕೆ ತಗಲುವುದು ಮುದ್ರಣದ ಶಾಯಿ ಮಾತ್ರ. ಹಾಗೆಯೇ ರಕ್ತ ಹಾಕುವಾಗ ಒಂದೇ ಸಲಕ್ಕೆ ಪೂರ್ತಿ ಹಾಕದೆ ಕಿಲೋಗೆ 5 ಮಿಲಿಲೀಟರ್‌ನಂತೆ ಹಾಕಿ ನೋಡಬೇಕು ಎಂಬುದನ್ನು ತಾಲ್ಲೂಕು ಆಸ್ಪತ್ರೆಗಳ ಗೋಡೆಗೆ ಅಂಟಿಸಬೇಕು. ಗುಲ್ಮ ಹಿಡಿದಿಟ್ಟ ರಕ್ತ ಮರಳಿ ಹರಿಯತೊಡಗಿದಾಗ ಹಿಮೋಗ್ಲೋಬಿನ್ ಲೆಕ್ಕ ಮೀರಿ ಏರಿ, ರಕ್ತ ಗಟ್ಟಿಯಾಗಿ, ಬೇರೆಯದೇ ಅನಾಹುತ ಆಗುತ್ತದೆ.

ಕಬ್ಬಿಣದ ಮಾತು ಬಂದದ್ದರಿಂದ ಇನ್ನೊಂದು ಸಾಲು. ಸಾಮಾನ್ಯ ರಕ್ತಕಣ 120 ದಿನ ಬದುಕಿದರೆ ಸಿಕಲ್ ಕಣ ಬದುಕುವುದು 10ರಿಂದ 20 ದಿನ. ರಕ್ತ ಇಳಿಯುವುದು ಕಣ ಒಡೆಯುವುದರಿಂದ, ಕಬ್ಬಿಣ ಇಲ್ಲದ್ದರಿಂದಲ್ಲ. ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ನೋಡದೆ, ಅನೀಮಿಯಾ ಎಂಬ ಒಂದೇ ಕಾರಣಕ್ಕೆ ಇವರಿಗೆ ತಿಂಗಳುಗಟ್ಟಲೆ ಕಬ್ಬಿಣ ಕೊಡುವುದು ನಿಲ್ಲಬೇಕು. ಬೇಕಾದದ್ದು ಫೋಲಿಕ್ ಆಮ್ಲ.

ಹೈಡ್ರಾಕ್ಸಿಯೂರಿಯಾ ಈ ಕಾಯಿಲೆಯ ಮುಖ್ಯ ಔಷಧ. ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ, ನೋವಿನ ದಾಳಿಗಳನ್ನು ಕಡಿಮೆ ಮಾಡುತ್ತದೆ. ಕಿಲೋಗೆ 10 ಮಿಲಿಗ್ರಾಂನ ಕಡಿಮೆ ಪ್ರಮಾಣವೂ ಕೆಲಸ ಮಾಡುತ್ತದೆ ಎಂಬುದು ನಾಗಪುರದ ಮಕ್ಕಳಲ್ಲಿ ಕಂಡಿದೆ. ಸರ್ಕಾರಿ ಪೂರೈಕೆಯಲ್ಲಿ ಸಾಮಾನ್ಯವಾಗಿ ಸಿಗುವುದು 500 ಮಿಲಿಗ್ರಾಂ ಕ್ಯಾಪ್ಸೂಲ್. 12 ಕಿಲೋ ತೂಗುವ ಮಗುವಿಗೆ ಬೇಕಾದದ್ದು 120 ಮಿಲಿಗ್ರಾಂ. ಕ್ಯಾಪ್ಸೂಲನ್ನು ಬಿಚ್ಚಿ ಹತ್ತು ಮಿಲಿಲೀಟರ್ ನೀರಿನಲ್ಲಿ ಕಲಸಿ ಸಿರಿಂಜ್‌ನಿಂದ 2.4 ಮಿಲಿಲೀಟರ್ ಅಳೆದು ಕೊಟ್ಟು ಉಳಿದದ್ದನ್ನು ಚೆಲ್ಲಬೇಕು. ಇದು ಜೀವಕೋಶದ ಮೇಲೆ ಕೆಲಸ ಮಾಡುವ ಔಷಧ, ಪುಡಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಗರ್ಭಿಣಿಯಂತೂ ಹತ್ತಿರ ಹೋಗಬಾರದು. ಹಾಡಿಯ ಮಣ್ಣಿನ ನೆಲದಲ್ಲಿ ಕೂತು ಮಾಡುವ ಕೆಲಸವಲ್ಲ ಇದು. ಮಕ್ಕಳಿಗೆಂದೇ ಬರುವ ದ್ರವರೂಪ ಅಥವಾ 100 ಮಿಲಿಗ್ರಾಂ ಮಾತ್ರೆಯನ್ನು ರಾಜ್ಯದ ಖರೀದಿ ಪಟ್ಟಿಗೆ ಸೇರಿಸಬೇಕು. ಜೊತೆಗೆ ರಕ್ತಕಣಗಳ ಎಣಿಕೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ ನ್ಯೂಟ್ರೋಫಿಲ್ 2000ಕ್ಕಿಂತ, ಪ್ಲೇಟ್‌ಲೆಟ್ 80,000ಕ್ಕಿಂತ ಕೆಳಗಿಳಿದರೆ ಔಷಧ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಶುರುವಿನಲ್ಲಿ ತಿಂಗಳಿಗೊಮ್ಮೆ, ಪ್ರಮಾಣ ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಸಾಕು. ಆದರೆ ಅದಕ್ಕಾಗಿ ಪ್ರತಿ ಸಲ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಜಿಲ್ಲಾಸ್ಪತ್ರೆಗೆ ಬರಬೇಕೆಂದರೆ ಮೂರನೇ ತಿಂಗಳಿಗೆ ಔಷಧ ನಿಂತಿರುತ್ತದೆ. ಇದರ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಆದ್ದರಿಂದ ಬಿಟ್ಟವರಿಗೆ ಅದು ಕೆಲಸ ಮಾಡಲಿಲ್ಲ ಎಂದೇ ಅನಿಸಿರುತ್ತದೆ, ಆ ಮಾತು ಹಾಡಿಯಿಂದ ಹಾಡಿಗೆ ಹರಡುತ್ತದೆ.

ನೋವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂಳೆಯೊಳಗೆ ರಕ್ತ ಹರಿಯದೆ ಬರುವ ನೋವಿಗೆ ಡೈಕ್ಲೋಫೆನಾಕ್ ಸಾಲದಿದ್ದಾಗ ಮಾರ್ಫಿನ್ ಬೇಕು, ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಬೇಕು. ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಗಿರಿಜನ ತಾಲ್ಲೂಕುಗಳ ಆಸ್ಪತ್ರೆಗಳಿಗೆ ಆ ಮಾನ್ಯತೆ ಕೊಡಿಸುವುದು ಒಂದು ಅರ್ಜಿಯ ಕೆಲಸ.

ವಾಹಕರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದೇ ಜೀನ್ ಇರುವವರು ರೋಗಿಗಳಲ್ಲ, ಅವರಿಗೆ ಔಷಧ ಬೇಡ. ಇಬ್ಬರು ವಾಹಕರ ನಡುವೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಮಗುವಿಗೆ ಕಾಯಿಲೆ ಬರಲು. ಇದನ್ನು ಹೇಳುವ ಬದಲು ಇಡೀ ಹಾಡಿಯ ಮುಂದೆ ಹೆಸರು ಕೂಗಿ ಕಾರ್ಡ್ ಹಂಚಿದರೆ ಆಗುವುದು ಮದುವೆ ಮುರಿಯುವುದು, ಅದೂ ಹೆಣ್ಣಿನ ಕಡೆಯಿಂದ. ಕುಲದೊಳಗೇ ಸಂಬಂಧ ನೋಡುವ ಸಣ್ಣ ಸಮುದಾಯದಲ್ಲಿ ವಾಹಕರನ್ನು ಬಿಟ್ಟು ಮದುವೆಯಾಗಿ ಎಂಬ ಉಪದೇಶ ಎಷ್ಟು ದೂರ ನಡೆದೀತು? ಬಸಿರು ಖಚಿತವಾದ ಮೊದಲ ಭೇಟಿಯಲ್ಲೇ ಗಂಡ ಹೆಂಡತಿ ಇಬ್ಬರದೂ ಪರೀಕ್ಷೆಯಾಗಿ, ಬೇಕೆನಿಸಿದವರಿಗೆ 10ರಿಂದ 12ನೇ ವಾರದಲ್ಲಿ ಭ್ರೂಣದ ಪರೀಕ್ಷೆಗೆ ಬೆಂಗಳೂರಿಗೆ ಹೋಗಿಬರುವ ಖರ್ಚು, ಜೊತೆಗೊಬ್ಬ ಅವರ ಭಾಷೆ ಬಲ್ಲ ಕಾರ್ಯಕರ್ತೆ ಸಿಕ್ಕರೆ ಅದು ಆಯ್ಕೆ. ಐದನೇ ತಿಂಗಳಲ್ಲಿ ಗೊತ್ತಾಗುವುದು ಆಯ್ಕೆಯಲ್ಲ.

ಇವೆಲ್ಲವನ್ನೂ ಒಂದೇ ಆದೇಶದಲ್ಲಿ ತರಲು ಆಗುವುದಿಲ್ಲ ಎಂದು ಗೊತ್ತು. ತಮ್ಮಲ್ಲಿ ಮೊದಲು ಕೇಳುವುದು ಇದನ್ನು: ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಗಿರಿಜನ ತಾಲ್ಲೂಕುಗಳಲ್ಲಿ ಆಗುವ ಪ್ರತಿ ಹೆರಿಗೆಗೂ, ಮನೆಯಲ್ಲಿ ಆದದ್ದನ್ನೂ ಸೇರಿಸಿ, ಹಿಮ್ಮಡಿಯ ಹನಿ ರಕ್ತದ ಪರೀಕ್ಷೆ ಕಡ್ಡಾಯವಾಗಲಿ. ಫಲಿತಾಂಶ ಮೂರು ವಾರದೊಳಗೆ ಆಶಾ ಕಾರ್ಯಕರ್ತೆಯ ಕೈಗೆ ಬರಲಿ. ಪೆನಿಸಿಲಿನ್, ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆಮ್ಲ ಮತ್ತು ರಕ್ತಕಣ ಎಣಿಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲಿ, ಮೂರು ತಿಂಗಳ ಔಷಧ ಯಾವತ್ತೂ ದಾಸ್ತಾನಿರಲಿ. ಗುಲ್ಮ ನೋಡುವುದನ್ನು ಮೊದಲು ದಾದಿಯರಿಗೆ, ಅವರಿಂದ ಆಶಾ ಕಾರ್ಯಕರ್ತೆಯರಿಗೆ, ಅವರಿಂದ ತಾಯಂದಿರಿಗೆ ಕಲಿಸಲಿ. ಕಲಿಸಿದವರೇ ತಿಂಗಳ ನಂತರ ಹೋಗಿ ತಾಯಿಯ ಕೈ ಸರಿಯಾದ ಜಾಗಕ್ಕೆ ಹೋಗುತ್ತದೆಯೇ ನೋಡಲಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರಕ್ಕಾಗಿ ಅಲೆಸುವ ಬದಲು ಖಚಿತ ವರದಿ ಬಂದ ದಿನವೇ ಅರ್ಜಿ ತುಂಬಿಸಿಕೊಳ್ಳುವ ವ್ಯವಸ್ಥೆ ಮಾಡಿಸಿ, ಬಸ್ ಪಾಸ್‌ಗಾದರೂ ಆದೀತು.

ಕೊನೆಯದಾಗಿ ಲೆಕ್ಕ. ಎಷ್ಟು ಜನರ ತಪಾಸಣೆ ಎಂಬ ಸಂಖ್ಯೆಯ ಪಕ್ಕದಲ್ಲಿ ಇನ್ನು ಮೂರು ಸಂಖ್ಯೆಗಳನ್ನು, ಯಾರ ಹೆಸರೂ ಇಲ್ಲದೆ, ತಾಲ್ಲೂಕುವಾರು, ಪ್ರತಿ ವರ್ಷ ಜೂನ್ 19ರ ವಿಶ್ವ ಸಿಕಲ್ ಸೆಲ್ ದಿನದಂದು ಇಲಾಖೆ ಪ್ರಕಟಿಸಲಿ: ಆ ವರ್ಷ ಕಾಯಿಲೆಯೊಂದಿಗೆ ಹುಟ್ಟಿದ ಮಕ್ಕಳು ಎಷ್ಟು, ಅವರಲ್ಲಿ ಮೂರು ತಿಂಗಳೊಳಗೆ ಪೆನಿಸಿಲಿನ್ ಶುರುವಾದದ್ದು ಎಷ್ಟು ಮಂದಿಗೆ, ಐದು ವರ್ಷದೊಳಗಿನವರಲ್ಲಿ ತೀರಿಕೊಂಡವರು ಎಷ್ಟು ಮತ್ತು ಯಾವ ಕಾರಣಕ್ಕೆ. ಮೊದಲ ವರ್ಷ ಮೂರನೆಯ ಸಂಖ್ಯೆ ದೊಡ್ಡದಾಗಿಯೇ ಬರುತ್ತದೆ. ಅದಕ್ಕಾಗಿ ಯಾವ ದಾದಿಯ ಮೇಲೂ ಕ್ರಮ ಜರುಗಿಸುವುದಿಲ್ಲ ಎಂದು ಆ ಆದೇಶದಲ್ಲೇ ಬರೆಯಿರಿ, ಇಲ್ಲದಿದ್ದರೆ ನಿಮಗೆ ಸಿಗುವುದು ಸೊನ್ನೆಗಳು. ಮುಂದಿನ ಆಯವ್ಯಯ ಸಿದ್ಧತೆಗೆ ಮುನ್ನ ಈ ಬಗ್ಗೆ ಇಲಾಖೆಯ ನಿಲುವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ತರಬೇತಿಯ ಪಾಠಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡುವುದಕ್ಕೆ, ಪರೀಕ್ಷೆಯ ಗುಣಮಟ್ಟ ನೋಡುವುದಕ್ಕೆ ಕರೆದರೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಕ್ತ ಪರೀಕ್ಷೆ ಮತ್ತು ಗಿರಿಜನ ಆರೋಗ್ಯದ ಕೆಲಸದಲ್ಲಿ ತೊಡಗಿರುವವರು